ಮೂರು ವಾರ ಕೂಡಿಹಾಕಿದರೆ ಏನಾಗುತ್ತದೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: “ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಸರಕಾರವೇ ಸಿರಿಂಜು ಹಂಚುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಹಿಡಿದು ಮೂರು ವಾರ ಕೂಡಿಹಾಕಿದರೆ ಚಟ ತಾನಾಗಿ ಬಿಡುತ್ತದೆ.”

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಶಾಲೆಯ ಬೇಲಿಯ ಬುಡದಲ್ಲಿ ಸೂಜಿ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಸೂಜಿ ಅಲ್ಲಿ ಬೀಳದಂತೆ ನೋಡುವುದೂ ಇದೇ ಸೇವೆ. ಬಳಸಿದ್ದನ್ನು ವಾಪಸು ಪಡೆದು, ಸೂಜಿ ತೂರದ ಗಟ್ಟಿ ಡಬ್ಬಿಗೆ ಹಾಕಿ, ಆಸ್ಪತ್ರೆ ಕಸದ ಜೊತೆ ವಿಲೇವಾರಿ ಮಾಡುವುದು ಅದರ ಅರ್ಧ ಕೆಲಸ.

ಉಳಿದರ್ಧ ರಕ್ತಕ್ಕೆ ಸಂಬಂಧಿಸಿದ್ದು. ಸಿರಿಂಜನ್ನು ಪೂರ್ತಿ ಒತ್ತಿದರೂ ಸೂಜಿಯ ಬುಡದಲ್ಲಿ ಚೂರು ರಕ್ತ ಉಳಿಯುತ್ತದೆ. ಅಂಥ ಸಿರಿಂಜಿನೊಳಗೆ, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ 63 ದಿನದವರೆಗೂ ಬದುಕಿದ್ದು ಪ್ರಯೋಗದಲ್ಲಿ ಕಂಡಿದೆ. ಸೂಜಿ ಬೇರೆ ಬೇರೆಯಾದರೂ ಸಾಲದು. ಕರಗಿಸುವ ಚಮಚ, ಸೋಸುವ ಹತ್ತಿ, ನೀರು, ಯಾವುದನ್ನು ಹಂಚಿಕೊಂಡರೂ ಸೋಂಕು ದಾಟಬಹುದು. 2025ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಸಿರಿಂಜು ಹಂಚಿಕೊಂಡವರ ನಡುವೆ ಹತ್ತು ಮಂದಿಗೆ ಎಚ್‌ಐವಿ ಪತ್ತೆಯಾದ ಸುದ್ದಿಯನ್ನು ನೀವೂ ಓದಿರಬೇಕು. ಹೊಸ ಸಿರಿಂಜು ಕೊಡುವುದು ಅಪರಾಧವಲ್ಲವೆಂದು 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ನೇ ಹೇಳುತ್ತದೆ.

ಇನ್ನು ನಿಮ್ಮ ಮೂರು ವಾರ. ದಯವಿಟ್ಟು ಈ ಸಲಹೆಯನ್ನು ಯಾರಿಗೂ ಕೊಡಬೇಡಿ. ಹೆರಾಯಿನ್ ಬಿಟ್ಟ ಕೆಲವೇ ವಾರಗಳಲ್ಲಿ ಅದನ್ನು ತಡೆದುಕೊಳ್ಳುವ ಶಕ್ತಿ ಮೈಗೆ ಹೋಗಿರುತ್ತದೆ, ಆಸೆ ಮಾತ್ರ ಹೋಗಿರುವುದಿಲ್ಲ. ಹೊರಬಂದವನು ಹಳೆಯ ಅಳತೆಯಲ್ಲೇ ಚುಚ್ಚಿಕೊಳ್ಳುತ್ತಾನೆ, ಉಸಿರು ನಿಲ್ಲುತ್ತದೆ. ಜೈಲಿನಿಂದ, ಚಿಕಿತ್ಸಾ ಕೇಂದ್ರದಿಂದ ಬಿಟ್ಟ ಮೊದಲ ದಿನಗಳೇ ಅತ್ಯಂತ ಅಪಾಯದವು.

ಆಗ ಬೇಕಾದದ್ದು ನಲೋಕ್ಸೋನ್, ಹೆರಾಯಿನ್ನಿನ ಅಮಲು ಇಳಿಸಿ ಉಸಿರು ಮರಳಿಸುವ ಮದ್ದು. ಅಲುಗಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಗಂಟಲು ಗೊರಗೊರ ಎನ್ನುತ್ತಿದ್ದರೆ 108ಕ್ಕೆ ಕರೆಮಾಡಿ, 0.4 ಮಿಲಿಗ್ರಾಂ ಮದ್ದನ್ನು ತೊಡೆಯ ಸ್ನಾಯುವಿಗೆ ಕೊಡಬೇಕು. ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡುತ್ತಿರಬೇಕು. ಎರಡು ಮೂರು ನಿಮಿಷಕ್ಕೂ ಉಸಿರಾಟ ಬಾರದಿದ್ದರೆ ಇನ್ನೊಂದು. ಎದ್ದು ಕೂತನೆಂದು ಮನೆಗೆ ಕಳುಹಿಸಿದರೆ ಕೆಟ್ಟಿತು: ಮದ್ದಿನ ಬಲ ಅರ್ಧದಿಂದ ಒಂದೂವರೆ ಗಂಟೆಯೊಳಗೆ ಇಳಿದು, ಮೈಯಲ್ಲಿ ಉಳಿದ ಅಮಲು ಮತ್ತೆ ಉಸಿರು ಕಟ್ಟಿಸಬಹುದು. ಮೈಯನ್ನು ಕೆರಳಿಸುವ ಬೇರೆ ಬಗೆಯ ಡ್ರಗ್ಸ್ ಆದ ಎಂಡಿಎಂಎಗೆ ಇದು ನಾಟುವುದಿಲ್ಲ. ಅಲ್ಲಿ ಮೈ ಕಾದರೆ ತಣಿಸಿ ಆಸ್ಪತ್ರೆಗೆ ಒಯ್ಯುವುದೇ ದಾರಿ.

ಬಿಡಿಸುವುದೂ ಬೇಕು, ಖಂಡಿತ. ಅದಕ್ಕೆ, ಹೆರಾಯಿನ್ನಿನ ಬದಲಿಗೆ ಕೊಟ್ಟು ಚಡಪಡಿಕೆ ತಡೆಯುವ ಬ್ಯುಪ್ರೆನಾರ್ಫಿನ್ ಮಾತ್ರೆಯಿದೆ. ಸಿಬ್ಬಂದಿಯ ಎದುರಿಗೇ ನಾಲಗೆಯಡಿ ಇಟ್ಟು ಕರಗಿಸಬೇಕು, ನುಂಗಬಾರದು. ಹೆರಾಯಿನ್ ತಗೊಂಡು ಕನಿಷ್ಠ ಹನ್ನೆರಡು ಗಂಟೆ ಕಳೆದು, ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು ಶುರುವಾದ ಮೇಲಷ್ಟೇ ಮೊದಲ ಮಾತ್ರೆ. ಅವಸರಪಟ್ಟರೆ ಅದು ಹೆರಾಯಿನ್ನನ್ನು ಒಮ್ಮೆಲೇ ತಳ್ಳಿ, ವಾಂತಿ ಭೇದಿ ನಡುಕ ತರಿಸುತ್ತದೆ. ಅಷ್ಟಾದ ಮೇಲೆ ಅವನು ಆ ಬಾಗಿಲಿಗೆ ಮತ್ತೆ ಬರುವುದು ಕಷ್ಟ.

ಇಷ್ಟೆಲ್ಲ ವಿವರವನ್ನು ಇದೇ ಜಿಲ್ಲೆಯ ಮಂಜೇಶ್ವರದ, ಕುಂಬಳೆಯ ಕನ್ನಡ ಮಾತಾಡುವ ಒಬ್ಬ ತಾಯಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ಓಟಿನ ಹೊತ್ತಿಗೆ ಕನ್ನಡ ನೆನಪಾಗುತ್ತದೆ, ಮದ್ದಿನ ಚೀಟಿಗೆ ಆಗುವುದಿಲ್ಲ. ಮಲಯಾಳ ಓದಲು ಬಾರದವರ ಕೈಗೆ ಮಲಯಾಳದ ಕರಪತ್ರ ಇಟ್ಟು ಅರಿವು ಮೂಡಿಸಿದೆವೆಂದರೆ ಯಾರು ಒಪ್ಪಬೇಕು? ಚಟ ಬಿಡಹೊರಟವನು ದಿನನಿತ್ಯದ ಮಾತ್ರೆಗೆ ಎರಡು ಬಸ್ಸು ಹತ್ತಬೇಕಾದರೆ ಅವನ ಅಂದಿನ ಕೂಲಿ ಹೋಯಿತು.

ನೀವು ಪತ್ರ ಬರೆಯುವಷ್ಟು ಕಾಳಜಿ ಇರುವವರು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ನಲೋಕ್ಸೋನ್ ಇದೆಯೇ, ರಾತ್ರಿ ಅದರ ಕಪಾಟಿನ ಕೀಲಿ ಯಾರ ಬಳಿ?