ಬಸ್ಸು ಹತ್ತುವ ಮುಂಚೆ ಎರಡು ಮಾತ್ರೆ

ವ್ಯಸನ ಬಿಡಿಸಿಕೊಳ್ಳಲು ಬಂದವರು ಎರಡನೇ ಭೇಟಿಗೆ ಬಾರದಿದ್ದರೆ ಕಡತದಲ್ಲಿ ಬೀಳುವ ಷರಾ ಹೆಚ್ಚಾಗಿ ಒಂದೇ: ‘ಬಿಡುವ ಮನಸ್ಸಿಲ್ಲ’. ಚಿತ್ರದುರ್ಗದಲ್ಲಿ ಕುಳಿತು ಹೊಸದುರ್ಗ, ಹಿರಿಯೂರು, ಮೊಳಕಾಲ್ಮುರು ಕಡೆಯ ಹುಡುಗರನ್ನು ನೋಡುವ ನನಗೆ ಈ ಷರಾ ಕಂಡರೆ ಸಿಟ್ಟು ಬರುತ್ತದೆ. ಏಕೆಂದು ಹೇಳಲು ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊಳಕಾಲ್ಮುರು ತಾಲ್ಲೂಕಿನ ಹಳ್ಳಿಯವನು, ಹಮಾಲಿ, ಇನ್ನೂ ಮದುವೆಯಾಗಿಲ್ಲ. ಚೀಲ ಹೊತ್ತು ಸೊಂಟ ಹಿಡಿದಾಗ ಜೊತೆಗಾರನೊಬ್ಬ ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಟ್ಟಿದ್ದ. ಮುಂದೆ ನೋವಿರಲಿ ಬಿಡಲಿ, ಮಾತ್ರೆ ಬೇಕೇ ಬೇಕಾಯಿತು. 2018ರಲ್ಲೇ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದ ಮಾತ್ರೆ ಅದು. ಆದರೂ ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲೇ ಅವನಿಗೆ ಸಿಗುತ್ತಿತ್ತು. ಚಿಕಿತ್ಸೆಗೆ ಮಾತ್ರ ಚಳ್ಳಕೆರೆ ದಾಟಿ 80 ಕಿ.ಮೀ.ಗೂ ಹೆಚ್ಚು ದೂರ ಬರಬೇಕು. ಒಂದು ದಿನದ ಕೂಲಿಯೂ ಹೋಗುತ್ತದೆ.

ಆ ದಿನ ತಾಯಿ ಮತ್ತು ಸೋದರಮಾವ ಜೊತೆಗಿದ್ದರು. ಮಾವ ತೀರ್ಮಾನ ಮಾಡಿಕೊಂಡೇ ಬಂದಿದ್ದರು. “ಬೆಂಗಳೂರಿನ ಹತ್ತಿರ ಮೂರು ತಿಂಗಳು ಇಟ್ಟುಕೊಂಡು ಬಿಡಿಸುವ ಕಡೆ ಒಂದಿದೆಯಂತೆ ಮೇಡಂ. ಅಲ್ಲಿಗೆ ಸೇರಿಸಿಬಿಡುತ್ತೇವೆ. ಊರಲ್ಲಿ ಮುಖ ತೋರಿಸುವಂತಿಲ್ಲ.”

ನಾನು ಹುಡುಗನ ಕಡೆ ತಿರುಗಿ, ಈ ದಿನ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ. ಆಮೇಲೆ ಹೇಳಿದ:

“ಬೆಳಿಗ್ಗೆ ಎರಡು ತೆಗೆದುಕೊಂಡೆ ಮೇಡಂ. ಇಲ್ಲದಿದ್ದರೆ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಹೋದ ಸಲ ತೆಗೆದುಕೊಳ್ಳದೆ ಹೊರಟಿದ್ದೆ. ಚಳ್ಳಕೆರೆ ಬರುವಷ್ಟರಲ್ಲಿ ಮೈಯೆಲ್ಲ ಬೆವರು, ಹೊಟ್ಟೆ ಕಿವುಚಿ ಭೇದಿ ಶುರುವಾಯಿತು. ಬಸ್ಸಿನ ತುಂಬ ನಮ್ಮ ಕಡೆಯವರೇ. ಅಲ್ಲೇ ಇಳಿದು ವಾಪಸ್ ಹೋದೆ.”

ಮಾವ ಎದ್ದು ನಿಂತರು. “ಕೇಳಿದಿರಾ? ಬಿಡಿಸಿಕೊಳ್ಳಲು ಬರುವವನು ನುಂಗಿಕೊಂಡು ಬರುತ್ತಾನೆ!”

“ಕುಳಿತುಕೊಳ್ಳಿ,” ಎಂದೆ. “ಅವನು ನುಂಗಿದ್ದು ಇಲ್ಲಿಯವರೆಗೆ ಬಂದು ಮುಟ್ಟುವುದಕ್ಕೆ.”

ಇದು ನೆಪವಲ್ಲ. ಅಫೀಮಿನ ಗುಂಪಿಗೆ ಸೇರಿದ ಇಂಥ ಮಾತ್ರೆಗಳಿಗೆ ದೇಹ ಒಗ್ಗಿಹೋದ ಮೇಲೆ, ಕೊನೆಯ ಗುಳಿಗೆಯಾಗಿ ಅರ್ಧ ದಿನ ಕಳೆಯುತ್ತಿದ್ದಂತೆ ಬೆವರು, ನಡುಕ, ಮೈಕೈ ನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಎರಡು ಮೂರು ದಿನ ಏರುತ್ತ ಹೋಗುತ್ತವೆ. ರಾತ್ರಿ ನುಂಗಿ ಮಲಗಿದವನಿಗೆ ಆ ಹೊತ್ತು ಬರುವುದು ಸರಿಯಾಗಿ ಬಸ್ಸಿನಲ್ಲಿರುವಾಗ. ಪಕ್ಕದ ಬೀದಿಯಲ್ಲೇ ಆಸ್ಪತ್ರೆ ಇದ್ದವನು ನಡುಗುತ್ತಲೇ ನಡೆದು ಹೋಗಬಲ್ಲ. ಇವನಿಗೆ ಆ ಅವಕಾಶವಿರಲಿಲ್ಲ.

ನನ್ನ ಸಲಹೆ ಹೀಗಿತ್ತು. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ, ಎಷ್ಟು ಎಂಬುದನ್ನು ಮನೋವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಸಲ ಊರಿಗೆ ಹಿಂತಿರುಗದೆ ಆಸ್ಪತ್ರೆಯಲ್ಲೇ ಉಳಿದು, ಬಿಡುವಾಗಿನ ಯಾತನೆಯ ದಿನಗಳನ್ನು ಔಷಧದ ಆಸರೆಯಲ್ಲಿ ಕಳೆಯಬೇಕು. ಆಮೇಲಿನ ಭೇಟಿಗಳಿಗೆ ಚಿತ್ರದುರ್ಗ ಬೇಡ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್ ಸಾಕು. ಅದು ತಪ್ಪಿದರೆ ಬಳ್ಳಾರಿ. ಮೊಳಕಾಲ್ಮುರಿನವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿಯೇ ಹತ್ತಿರ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದೂ ಆ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಂಥ ಜಿಲ್ಲೆಯ ಪಕ್ಕದ ತಾಲ್ಲೂಕಿನ ಹುಡುಗನೊಬ್ಬ ಬಸ್ಸಿನ ದಾರಿಗೆ ಹೆದರಿ ಚಿಕಿತ್ಸೆ ಬಿಡುವಂತಾಗಿದೆ ಎಂಬುದು ನನ್ನನ್ನು ಕಾಡುತ್ತದೆ.

ದೂರದ ಶಿಬಿರಕ್ಕೆ ಏಕೆ ಕಳುಹಿಸಲಿಲ್ಲ ಎಂದು ಸಹೋದ್ಯೋಗಿಗಳೂ ಕೇಳಿದ್ದಾರೆ. ಮನೆಯಲ್ಲೇ ಮಾತ್ರೆ ಮಾರುವವರಿದ್ದರೆ, ಜೊತೆಗೆ ತೀವ್ರ ಮನೋರೋಗವಿದ್ದರೆ ನಾನೂ ಕಳುಹಿಸುತ್ತೇನೆ. ಇವನಿಗೆ ಅದರ ಅಗತ್ಯವಿರಲಿಲ್ಲ. ಅಲ್ಲದೆ, ಶಿಬಿರದಲ್ಲಿ ಮೂರು ತಿಂಗಳು ಮಾತ್ರೆ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಊರಿಗೆ ಬಂದ ವಾರದಲ್ಲಿ ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ಅಂಥ ವಾರದಲ್ಲಿ ಅವನನ್ನು ನೋಡುವವರು ಹತ್ತಿರದಲ್ಲೇ ಇರಬೇಕು. ಶಿಬಿರದವರು ಬಸ್ ನಿಲ್ದಾಣದವರೆಗೆ ಬಿಟ್ಟುಹೋಗುತ್ತಾರೆ, ಅಷ್ಟೇ.

ಹತ್ತಿರವೆಂದರೆ ತಾಯಿಗೆ ಬೇರೆ ಹೆದರಿಕೆ. “ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲರೂ ಗುರುತಿನವರೇ ಅಲ್ಲವೇ?” ಎಂದರು. ಹೌದು, ಹತ್ತಿರದ ಆಸ್ಪತ್ರೆಯ ಕಷ್ಟವೂ ಸಣ್ಣದಲ್ಲ. ಅದಕ್ಕೇ ಅದೇ ಭೇಟಿಯಲ್ಲಿ ಸೊಂಟವನ್ನೂ ತೋರಿಸಿ ಎಂದೆ. ಕೇಳಿದವರಿಗೆ ಸೊಂಟನೋವಿಗೆ ಬಂದಿದ್ದೇವೆ ಎಂದರೆ ಅದು ಸುಳ್ಳಲ್ಲ. ಆ ನೋವಿಗೆ ಸರಿಯಾದ ಚಿಕಿತ್ಸೆ ಆಗದೆ ಈ ಮಾತ್ರೆ ಬಿಡುವುದೂ ಕಷ್ಟ. ಮಾವನಿಗೆ ಪೊಲೀಸರ ಭಯವಿತ್ತು. ಸೇವಿಸಿದ ತಪ್ಪಿಗೆ ಗುರಿಯಾದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆಯಿದೆ, ಮಾದಕ ವಸ್ತು ಕಾಯ್ದೆಯ 64ಎ ಕಲಂ ಅದನ್ನೇ ಹೇಳುತ್ತದೆ ಎಂದು ವಿವರಿಸಿದೆ. ನಡುರಾತ್ರಿ ಕೈ ನಡುಗಿದರೆ ಕರೆ ಮಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಾಯಿಯ ಮೊಬೈಲಿನಲ್ಲಿ ಹಾಕಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈಗ ಮಂಗಳವಾರಗಳಂದು ಮಾವನೇ ಅವನನ್ನು ಬೈಕಿನಲ್ಲಿ ಕರೆದೊಯ್ಯುತ್ತಾರೆ. ಶೇಂಗಾ ಕೀಳುವ ಸಮಯದಲ್ಲಿ ಭೇಟಿ ತಪ್ಪಿತು, ನಡುವೆ ಒಮ್ಮೆ ಮಾತ್ರೆಯನ್ನೂ ನುಂಗಿದ. ಮರುವಾರ ತಾನೇ ಹೋಗಿ ವೈದ್ಯರಿಗೆ ಅದನ್ನು ಹೇಳಿದ.