ಮೊದಲು ಶಿಕ್ಷಕರು ಬದಲಾಗಬೇಕೇ, ಪ್ರಾಜೆಕ್ಟ್ ಬದಲಾಗಬೇಕೇ?

ಪ್ರಶ್ನೆ: ನಾನು ಬೆಂಗಳೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿಯ ಮಕ್ಕಳಿಂದ ‘ನಮ್ಮ ಶಾಲೆಯ ನೀರು’ ಎಂಬ ಪ್ರಾಜೆಕ್ಟ್ ಮಾಡಿಸುತ್ತಿದ್ದೇನೆ. ಮನಸ್ಸಿಟ್ಟು ಆರಂಭಿಸಿದ ಕೆಲಸವಾದರೂ ಮುಂದುವರಿದಂತೆ ನನ್ನ ಕೊರತೆಗಳೇ ಎದ್ದು ಕಾಣುತ್ತಿವೆ. ಮಕ್ಕಳು ತಡವರಿಸಿದರೆ ಸುಮ್ಮನಿರಲಾಗದೆ ಉತ್ತರ ಹೇಳಿಬಿಡುತ್ತೇನೆ. ಗದ್ದಲ ಹೆಚ್ಚಿದರೆ ಪಕ್ಕದ ಕೊಠಡಿಯವರು ಏನೆಂದುಕೊಳ್ಳುತ್ತಾರೋ ಎಂದು ಗುಂಪು ಚಟುವಟಿಕೆಯನ್ನೇ ನಿಲ್ಲಿಸುತ್ತೇನೆ. ಕೊಳವೆಬಾವಿಗಳ ಬಗ್ಗೆ ಅವರು ಕೇಳುವ ಕೆಲವು ಪ್ರಶ್ನೆಗಳಿಗೆ ನನಗೇ ಉತ್ತರ ಗೊತ್ತಿಲ್ಲ. ಪ್ರದರ್ಶನದ ಹಿಂದಿನ ದಿನ ಚಾರ್ಟುಗಳನ್ನು ನಾನೇ ಕುಳಿತು ಬರೆಯುವಂತಾಗುತ್ತದೆ. ಇಂಥವಳು ಪ್ರಾಜೆಕ್ಟ್ ಮೂಲಕ ಕಲಿಸಲು ಹೊರಡುವುದು ಸರಿಯೇ? ಮೊದಲು ನಾನು ಬದಲಾಗಬೇಕಲ್ಲವೇ?
– ಒಬ್ಬ ಶಿಕ್ಷಕಿ, ಬೆಂಗಳೂರು

ಉತ್ತರ: ಬದಲಾದ ಮೇಲೆ ಆರಂಭಿಸೋಣವೆಂದು ಕಾದರೆ ಈಗಿನ ಎಂಟನೇ ತರಗತಿಯವರು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಿರುತ್ತಾರೆ. ನೀವು ಹೇಳಿರುವುದನ್ನೆಲ್ಲ ಸ್ವಭಾವದ ದೋಷವೆಂದು ಮೈಮೇಲೆ ಎಳೆದುಕೊಳ್ಳಬೇಡಿ. ಅದರಲ್ಲಿ ಹೆಚ್ಚಿನದು ಪ್ರಾಜೆಕ್ಟನ್ನು ಹೊಂದಿಸಿಕೊಳ್ಳುವ ರೀತಿಯಿಂದಲೇ ಸರಿಹೋಗುವಂಥದ್ದು.

ಉತ್ತರ ಹೇಳಿಬಿಡುವ ಅಭ್ಯಾಸದ ಬಗ್ಗೆ ನೀವು ಹೆಚ್ಚು ನೊಂದುಕೊಂಡಿರುವಂತಿದೆ. ಪ್ರಾಜೆಕ್ಟ್ ಎಂದರೆ ಶಿಕ್ಷಕರು ಬಾಯಿ ಬಿಡಲೇಬಾರದು ಎಂಬ ತಿಳಿವಳಿಕೆ ನಮ್ಮಲ್ಲಿ ಹೇಗೋ ಬೇರೂರಿದೆ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ವಿಧಾನವನ್ನು ಮಂಡಿಸಿದಾಗ ಮಗುವಿನ ಸ್ವಂತ ಉದ್ದೇಶಕ್ಕೆ ಪ್ರಾಶಸ್ತ್ಯ ಕೊಟ್ಟರು, ನಿಜ. ಆದರೆ ಆ ಚಿಂತನೆಗೆ ಮೂಲಪ್ರೇರಣೆಯಾಗಿದ್ದ ತತ್ವಜ್ಞಾನಿ ಜಾನ್ ಡ್ಯೂಯಿ ಅವರೇ 1938ರಲ್ಲಿ, ಶಿಕ್ಷಕರ ಮಾರ್ಗದರ್ಶನವನ್ನು ಬದಿಗೊತ್ತುವ ಹೊಸ ಶಾಲೆಗಳನ್ನು ಎಚ್ಚರಿಸಿದ್ದರು. ಹೊಸ ವಿಷಯಕ್ಕೆ ಕಾಲಿಡುವವರಿಗೆ ಮಾರ್ಗದರ್ಶನ ತೀರಾ ಕಡಿಮೆಯಾದರೆ ಕಲಿಕೆ ಸೊರಗುತ್ತದೆ ಎಂದು ಶಿಕ್ಷಣ ಸಂಶೋಧಕರಾದ ಕಿರ್ಶ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಾದಿಸಿದರು. ಆ ವಾದವನ್ನು ಒಪ್ಪದವರೂ ಇದ್ದಾರೆ. ಆದರೂ ಹೇಳಿಕೊಡುವುದೇ ತಪ್ಪೆಂಬ ಅಪರಾಧಭಾವವನ್ನು ಬಿಡಲು ಅಷ್ಟು ಸಾಕು. ಏನನ್ನು ಹೇಳಿಕೊಡಬೇಕು, ಏನನ್ನು ಮಕ್ಕಳಿಗೆ ಬಿಡಬೇಕು ಎಂಬುದನ್ನು ತರಗತಿಗೆ ಹೋಗುವ ಮುನ್ನವೇ ತೀರ್ಮಾನಿಸಿಕೊಂಡರೆ ಅಲ್ಲಿ ನಿಮ್ಮ ಸ್ವಭಾವದೊಂದಿಗೆ ಹೆಣಗಾಡಬೇಕಾಗುವುದಿಲ್ಲ.

ನಿಮ್ಮದೇ ಪ್ರಾಜೆಕ್ಟನ್ನು ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಇದನ್ನು ಕರಿಹಲಗೆಯ ಮೇಲೆ ನೇರವಾಗಿ ಕಲಿಸಿ, ನಾಲ್ಕು ಲೆಕ್ಕ ಮಾಡಿಸಿ. ಇದನ್ನು ಮಕ್ಕಳೇ ಕಂಡುಕೊಳ್ಳಲೆಂದು ಮೂರು ಪೀರಿಯಡ್ ಕಾಯುವ ಅಗತ್ಯವಿಲ್ಲ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನಲ್ಲಿದೆ ಎಂಬುದನ್ನೂ ಹೇಳಿ. ಶಾಲೆಯ ಛಾವಣಿ 200 ಚದರ ಮೀಟರ್ ಇದೆಯೆಂದುಕೊಂಡರೆ ವರ್ಷಕ್ಕೆ 1,94,000 ಲೀಟರ್ ನೀರು ಅದರ ಮೇಲೆ ಬೀಳುತ್ತದೆ. ಐದರಲ್ಲಿ ಒಂದು ಪಾಲು ಸೋರಿ, ಆವಿಯಾಗಿ ಹೋದರೂ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು ಉಳಿಯುತ್ತದೆ. ಮುನ್ನೂರು ಮಕ್ಕಳು ದಿನಕ್ಕೆ ತಲಾ 10 ಲೀಟರ್ ಬಳಸಿದರೆ ಅದು ಸುಮಾರು 50 ದಿನಗಳಿಗೆ ಸಾಕಾಗುತ್ತದೆ. ಇಷ್ಟು ಲೆಕ್ಕ ಬರೆದು ಚಾರ್ಟ್ ಅಂಟಿಸಿದರೆ ಎಷ್ಟೋ ಶಾಲೆಗಳಲ್ಲಿ ಪ್ರಾಜೆಕ್ಟ್ ಮುಗಿಯಿತು. ನಿಜವಾದ ಕೆಲಸ ಆರಂಭವಾಗುವುದು ಇದಾದ ಮೇಲೆ, ಮತ್ತು ನೀವು ಸುಮ್ಮನಿರಬೇಕಾದದ್ದೂ ಅಲ್ಲಿಯೇ. ಆ ಒಂದೂವರೆ ಲಕ್ಷ ಲೀಟರ್ ಒಂದೇ ದಿನ ಸುರಿಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಮಳೆ ಹೊಯ್ಯುತ್ತದೆ, ಜನವರಿ, ಫೆಬ್ರುವರಿಯಲ್ಲಿ ಹನಿ ಬೀಳುವುದೂ ಅಪರೂಪ. ನಮ್ಮ ಸಂಪು ಎಷ್ಟು ನೀರು ಹಿಡಿಯುತ್ತದೆ? ತುಂಬಿ ಹರಿದ ನೀರು ಎಲ್ಲಿಗೆ ಹೋಗುತ್ತದೆ? ದೊಡ್ಡ ಸಂಪು ಕಟ್ಟಿಸುವುದು ಮೇಲೋ, ನೀರನ್ನು ನೆಲಕ್ಕೆ ಇಂಗಿಸುವುದು ಮೇಲೋ? ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವುದು ಎಷ್ಟು ತಪ್ಪುತ್ತದೆ? ಇವುಗಳ ಉತ್ತರ ನಿಮಗೆ ಗೊತ್ತಿದ್ದರೂ ಹೇಳಬೇಡಿ. ಮಕ್ಕಳು ಅಳೆದು, ಕೇಳಿ, ತಮ್ಮತಮ್ಮಲ್ಲಿ ವಾದಿಸಿ ಬರಲಿ.

ಸುಮ್ಮನಿರುವುದಕ್ಕೂ ಅಭ್ಯಾಸ ಬೇಕು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳನ್ನು ಆಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಗುರುತಿಸಿದರು. ಆ ಬಿಡುವನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿಯೇ ಬಾಯಿ ಬಿಡುವವರ ಸಂಖ್ಯೆಯೂ ಹೆಚ್ಚಿತು. ತಡೆಯಲಾರದೆ ಮಾತನಾಡುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ ಎಂದು ಇದರಿಂದ ತಿಳಿಯುತ್ತದೆ. ಗುಂಪಿನ ಬಳಿ ಹೋದಾಗ ಮೊದಲ ಮಾತು ಮಗುವಿನದ್ದೇ ಆಗಿರಲಿ ಎಂಬ ಒಂದೇ ನಿಯಮವನ್ನು ಕೆಲವು ವಾರ ಪಾಲಿಸಿ ನೋಡಿ.

ಗೊತ್ತಿಲ್ಲದ ಪ್ರಶ್ನೆಗಳು ಬರುವುದು ಪ್ರಾಜೆಕ್ಟ್ ಸರಿಯಾಗಿ ನಡೆಯುತ್ತಿರುವುದರ ಲಕ್ಷಣ. ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಬಂಡೆ. ಅಂತರ್ಜಲ ಅದರ ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ ನಿಂತಿರುತ್ತದೆ. ಒಂದು ಸೈಟಿನಲ್ಲಿ ಕೊಳವೆಬಾವಿ ಕೊರೆದರೆ ನೀರು ಬಂದು ಪಕ್ಕದ ಸೈಟಿನಲ್ಲಿ ಬಾರದಿರುವುದಕ್ಕೆ ಇದೇ ಕಾರಣ. ಇದನ್ನು ನಾನು ಇಲ್ಲಿ ಬರೆದೆ, ಆದರೆ ಮುಂದಿನ ಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಾರದು. ಉಳಿದ ಪ್ರಶ್ನೆಗಳನ್ನು ಕರಿಹಲಗೆಯ ಒಂದು ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಪ್ರತಿಯೊಂದರ ಪಕ್ಕ ‘ಇದು ಯಾರಿಗೆ ಗೊತ್ತಿರಬಹುದು?’ ಎಂದು ಮಕ್ಕಳಿಂದಲೇ ಬರೆಸಿ. ಶಾಲೆಯ ಪಂಪ್ ನೋಡಿಕೊಳ್ಳುವವರು, ಟ್ಯಾಂಕರ್ ಚಾಲಕರು, ಬಡಾವಣೆಯ ಹಿರಿಯರು, ಜಲಮಂಡಳಿಯ ಎಂಜಿನಿಯರು ಹೀಗೆ ಪಟ್ಟಿ ಬೆಳೆಯುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಮೇಲೆತ್ತಿ ತರುವ ಊರಿನಲ್ಲಿ ನೀರಿನ ವಿಷಯ ಬಲ್ಲವರಿಗೆ ಬರವಿಲ್ಲ.

ಗದ್ದಲದ ವಿಷಯ ಸುಲಭ. ಅಳತೆಯ ಕೆಲಸವನ್ನು ಮೈದಾನಕ್ಕೆ ಹಾಕಿ, ಗುಂಪು ಚರ್ಚೆಗೆ ದಿನದ ಕೊನೆಯ ಪೀರಿಯಡ್ ಕೇಳಿ ಪಡೆಯಿರಿ, ಪಕ್ಕದ ಕೊಠಡಿಯವರಿಗೆ ಮುಂಚಿತವಾಗಿ ಒಂದು ಮಾತು ತಿಳಿಸಿ.

ಆದರೆ ಚಾರ್ಟುಗಳನ್ನು ನೀವೇ ಬರೆಯುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಉಳಿದವು ಕಲಿಕೆಯನ್ನು ನಿಧಾನಗೊಳಿಸುತ್ತವೆ; ಇದು ಮಗುವಿನ ಕೆಲಸವನ್ನೇ ಅದರ ಕೈಯಿಂದ ಕಿತ್ತುಕೊಳ್ಳುತ್ತದೆ. ವಾರಗಟ್ಟಲೆ ಸಂಪಿನ ಆಳ ಅಳೆದ ಹುಡುಗಿ ಪ್ರದರ್ಶನದ ದಿನ ನಿಮ್ಮ ಅಕ್ಷರದ ಮುಂದೆ ನಿಂತು ನಿಮ್ಮ ವಾಕ್ಯವನ್ನು ಒಪ್ಪಿಸುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ. ಹೀಗಾಗುವುದು ಎಲ್ಲವೂ ಒಂದೇ ಕೊನೆಯ ದಿನದ ಮೇಲೆ ನಿಂತಿರುವುದರಿಂದ. ಎರಡು ವಾರ ಮೊದಲೇ ಕರಡುಗಳ ಒಂದು ಒಳಪ್ರದರ್ಶನವನ್ನು ತರಗತಿಯಲ್ಲೇ ಏರ್ಪಡಿಸಿ. ತಪ್ಪಿರುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಚಾರ್ಟನ್ನು ಅವರಿಗೇ ಹಿಂತಿರುಗಿಸಿ. ಕೊನೆಯ ದಿನ ಕಾಗುಣಿತದ ಒಂದೆರಡು ತಪ್ಪು ಉಳಿದರೆ ಉಳಿಯಲಿ. ಚಾರ್ಟಿನ ಜೊತೆಗೆ ಪ್ರತಿ ಮಗುವೂ ಯಾರ ನೆರವೂ ಇಲ್ಲದೆ ತರಗತಿಯಲ್ಲೇ ಕುಳಿತು, ತಾನು ಏನನ್ನು ಅಳೆದೆ, ಎಲ್ಲಿ ಅನುಮಾನ ಉಳಿಯಿತು ಎಂದು ಅರ್ಧ ಪುಟ ಬರೆಯಲಿ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ನಡೆಸುವ ಮೌಲ್ಯಮಾಪನ) ಅಂಕಗಳನ್ನು ಕೊಡುವಾಗ ಆ ಅರ್ಧ ಪುಟಕ್ಕೆ ಚಾರ್ಟಿಗಿಂತ ಹೆಚ್ಚು ಬೆಲೆ ಕೊಡಿ, ಮತ್ತು ಇದನ್ನು ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿರಿ.

ಇನ್ನೊಂದು ಮಾತು. ನಮ್ಮ ವ್ಯವಸ್ಥೆಯಲ್ಲಿ ಶಿಕ್ಷಕರ ಕೊರತೆಯ ಪ್ರಸ್ತಾಪ ಬರುವುದು ಹೆಚ್ಚಾಗಿ ತಪಾಸಣೆಯ ಹೊತ್ತಿನಲ್ಲಿ. ಹಾಗಾಗಿ ಅದನ್ನು ಮುಚ್ಚಿಡುವುದನ್ನೇ ಎಲ್ಲರೂ ಕಲಿಯುತ್ತಾರೆ. ನೀವು ಬಿಚ್ಚಿ ಬರೆದಿದ್ದೀರಿ. ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರಲು ಕೇಳಿ, ಮಗುವಿನ ಮಾತನ್ನು ನೀವು ಎಲ್ಲೆಲ್ಲಿ ತಡೆದಿರಿ ಎಂಬುದನ್ನಷ್ಟೇ ಗುರುತು ಹಾಕಿಕೊಡಲು ಹೇಳಿ. ಮುಂದಿನ ವಾರ ಅವರ ತರಗತಿಯಲ್ಲಿ ನೀವು ಕುಳಿತುಕೊಳ್ಳಿ.

ಪ್ರಶ್ನೆ: ಮಗ ಏಳನೇ ತರಗತಿ. ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿ ಕೊಳ್ಳುವುದು ಎಂಬಂತಾಗಿದೆ. ಕೊಡಿಸದಿದ್ದರೆ ಅಂಕ ಹೋಗುತ್ತದೆ ಎಂದು ಅಳುತ್ತಾನೆ. ಏನು ಮಾಡಲಿ?
– ಒಬ್ಬ ಪೋಷಕರು, ಕೆಂಗೇರಿ

ಉತ್ತರ: ಕೊಡಿಸಬೇಡಿ, ನೀವೇ ಮಾಡಿಯೂ ಕೊಡಬೇಡಿ. ಮನೆಯಲ್ಲಿರುವ ರಟ್ಟು, ಬಾಟಲಿಗಳಿಂದ ಅವನು ಮಾಡಿದ್ದು ಸೊಟ್ಟಗಿದ್ದರೂ ಅದನ್ನೇ ಕಳುಹಿಸಿ, ‘ಇದು ಅವನೇ ಮಾಡಿದ್ದು, ದಯವಿಟ್ಟು ಅವನಿಂದಲೇ ವಿವರಣೆ ಕೇಳಿ’ ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿ. ಹೊಳೆಯುವ ಮಾದರಿಗೆ ಮಾತ್ರ ಅಂಕ ಕೊಡುವ ರೂಢಿ ಶಾಲೆಯಲ್ಲಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಇನ್ನಿಬ್ಬರು ಮೂವರು ಪೋಷಕರೊಂದಿಗೆ ಸೇರಿ ಆ ವಿಷಯವನ್ನು ಎತ್ತಿ. ಒಬ್ಬರೇ ಹೇಳಿದರೆ ಅದು ನಿಮ್ಮ ಮಗನ ಅಂಕಗಳ ದೂರಾಗಿಬಿಡುತ್ತದೆ.