ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ಸಂಗೀತದ ಪೀರಿಯಡ್ ಕೊಟ್ಟಿದ್ದಾರೆ. ಮೂರು ಶನಿವಾರ ಆಗಿದೆ. ನನ್ನದು ಕರಿ ನಾಲ್ಕು ಪಟ್ಟಿ (ಹಾರ್ಮೋನಿಯಂನ ನಾಲ್ಕನೇ ಕರಿ ಮನೆಯೇ ನನ್ನ ಸಾ). ಅರ್ಧ ಮಕ್ಕಳು ಬೇಸೂರು, ಸ್ವರ ತಪ್ಪಿ ಹಾಡ್ತಾರೆ. ಅವರನ್ನು ಹಿಂದೆ ಕೂರಿಸಲಾ, ಇಲ್ಲಾ ಕರೋಕೆ (ಹಾಡಿನ ಬರೀ ಹಿನ್ನೆಲೆ ಸಂಗೀತ) ಹಾಕಲಾ?

ಎರಡೂ ಬೇಡ. ಹಿಂದೆ ಕೂರಿಸೋದಂತೂ ಬೇಡವೇ ಬೇಡ. ನಾನು ಕೂರಿಸಿದ್ದೆ.

2018ರಲ್ಲಿ ಜಮಖಂಡಿಯಲ್ಲಿ ಬಿ.ಎಡ್. ಓದುತ್ತಿದ್ದೆ. ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ಮುಧೋಳದ ಆಚೆ, ಘಟಪ್ರಭಾ ದಂಡೆಯ ಒಂದು ಹೈಸ್ಕೂಲು. ನನ್ನ ವಿಷಯ ಕನ್ನಡ ಮತ್ತು ಸಮಾಜ. ಅಲ್ಲಿ ಸಂಗೀತ ಕಲಿಸೋರು ಯಾರೂ ಇರಲಿಲ್ಲ. ಮೊದಲ ದಿನವೇ ಹೆಡ್‌ಮಾಸ್ತರು, "ನಿಮಗ ಹಾಡಾಕ ಬರ್ತದಂತಲ್ರೀ, ಎಂಟನೇ ಕ್ಲಾಸಿಂದು ಶನಿವಾರದ ಪೀರಿಯಡ್ ನೀವ ತಗೋರಿ" ಅಂದರು. ಹಿಂದೂಸ್ತಾನಿಯಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದೆ. ಖುಷಿಯಿಂದ ಹೂಂ ಅಂದೆ.

ಊರ ಮಠದಿಂದ ಪೇಟಿ ತರಿಸಿದೆವು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ಅದರ ತಿದಿ ಒಂದು ಕಡೆ ಹರಿದಿತ್ತು, ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರು. ಎರಡನೇ ಸಾಲಿನ ಒಬ್ಬ ಹುಡುಗ ಪ್ರತಿ ಶನಿವಾರ ಅದನ್ನು ಎದೆಗೆ ಅವಚಿಕೊಂಡು ಹೊತ್ತು ತರುತ್ತಿದ್ದ.

ನಿಮ್ಮ ಕ್ಲಾಸಿನ ಹಾಗೇ ಅಲ್ಲೂ ಅರ್ಧ ಮಕ್ಕಳು ಬೇಸೂರು. ಮೊದಲ ಸಾಲು ಗೊಣಗಿದ ಹಾಗೆ, ಎರಡನೇ ಸಾಲು ಕಿರುಚಿದ ಹಾಗೆ. ಆಗಸ್ಟ್ 15ಕ್ಕೆ ಒಂದು ಗುಂಪುಗಾನ ತಯಾರು ಮಾಡಬೇಕಿತ್ತು. ದಿನ ಕಮ್ಮಿ ಇತ್ತು. ಒಬ್ಬೊಬ್ಬರನ್ನೇ ಎಬ್ಬಿಸಿ ಸಾ ಹಚ್ಚಿಸಿದೆ, ಅಂದ್ರೆ ಪೇಟಿಯ ಸಾಗೆ ದನಿ ಕೂಡಿಸಲು ಹೇಳಿದೆ. ಹಚ್ಚಿದವರು ಮುಂದೆ, ಉಳಿದವರು ಹಿಂದೆ. ಪೇಟಿ ಹೊರುವ ಹುಡುಗನಿಗೆ, "ನೀನು ಸುಮ್ನೆ ತುಟಿ ಆಡಿಸು, ಸಾಕು" ಅಂದೆ. "ಹೂಂರಿ ಟೀಚರ್" ಅಂತ ಹಿಂದಕ್ಕೆ ಹೋದ. ಆ ದಿನ ಮುಂದಿನವರು ಚೆನ್ನಾಗಿಯೇ ಹಾಡಿದರು, ಚಪ್ಪಾಳೆಯೂ ಬಿತ್ತು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳ್ತೀನಿ. ನೀವೂ ಅದನ್ನೇ ಮಾಡ್ತಿದ್ದೀರಿ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ, ಯಾಕಂದ್ರೆ "ನನ್ನದು ಕರಿ ನಾಲ್ಕು ಪಟ್ಟಿ" ಅಂತ ನೀವೇ ಬರೆದಿದ್ದೀರಿ. ನನ್ನದೂ ಕರಿ ನಾಲ್ಕೇ. ಹಿಂದೂಸ್ತಾನಿ ಕಲಿತ ಬಹಳಷ್ಟು ಹೆಣ್ಮಕ್ಕಳದು ಕರಿ ನಾಲ್ಕು, ಇಲ್ಲಾ ಕರಿ ಐದು. ಅಲ್ಲಿ ಸಾ ಇಟ್ಟರೆ ಕೆಳಗೆ ಮಂದ್ರಕ್ಕೂ ಇಳಿಯಬಹುದು, ಮೇಲೆ ತಾರಕ್ಕೂ ಹತ್ತಬಹುದು ಅಂತ ಗುರುಗಳು ನಮಗೆ ಅದನ್ನು ಗೊತ್ತು ಮಾಡಿರ್ತಾರೆ. ವರ್ಷಗಟ್ಟಲೆ ಅದರಲ್ಲೇ ರಿಯಾಜ್ ಮಾಡಿ, ಸಾ ಅಂದ್ರೆ ಅದೇ ಅಂತ ನಮ್ಮ ಕಿವಿಗೆ ಕೂತುಬಿಟ್ಟಿರುತ್ತೆ. ಆದರೆ ಅದು ದೊಡ್ಡವರ ಗಂಟಲಿಗೆ ಗೊತ್ತು ಮಾಡಿದ ಪಟ್ಟಿ. ಹನ್ನೆರಡು-ಹದಿಮೂರು ವರ್ಷದ ಮಗುವಿನ ಸ್ವರತಂತು ಇನ್ನೂ ಗಿಡ್ಡ, ದನಿ ಮೇಲೇ ನಿಂತಿರುತ್ತೆ. ನಮ್ಮ ಕರಿ ನಾಲ್ಕರ ಸಾ ಹಿಡಿ ಅಂದ್ರೆ ಅದಕ್ಕೆ ಹಗೇವಿನೊಳಗೆ (ಕಾಳು ತುಂಬಿಡುವ ನೆಲದ ಗುಂಡಿ) ಇಳಿದು ಮಾತಾಡಿದ ಹಾಗೆ. ಸಾ, ರೀ, ಗ ಮೂರೂ ಗಂಟಲಲ್ಲೇ ಉಳಿಯುತ್ತವೆ. ಕೆಲವು ಮಕ್ಕಳು ಗೊಣಗುತ್ತಾ ಅಲ್ಲೇ ಒದ್ದಾಡ್ತಾರೆ. ಕೆಲವರು ತಡೆಯಲಾರದೆ ತಮಗೆ ಒಗ್ಗುವ ಪಟ್ಟಿಗೆ ಜಿಗಿದುಬಿಡ್ತಾರೆ. ನಾವು ಇಬ್ಬರಿಗೂ ಬೇಸೂರು ಅಂತೀವಿ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಿಮ್ಮ ಕ್ಲಾಸಿನ ಅರ್ಧ ಮಕ್ಕಳು ಬೇಸೂರಲ್ಲ. ನೀವು ಸಾ ಇಟ್ಟ ಜಾಗದಲ್ಲಿ ಅವರ ದನಿ ಇಲ್ಲ, ಅಷ್ಟೇ.

ನನಗಿದು ಗೊತ್ತಾಗಿದ್ದು ಶ್ರಾವಣದ ಒಂದು ಸೋಮವಾರ ರಾತ್ರಿ. ನಾವು ಮೂವರು ಟ್ರೈನಿಗಳು ಅದೇ ಊರಲ್ಲಿ ಖೋಲಿ ಹಿಡಿದಿದ್ದೆವು. ಮಠದಲ್ಲಿ ಭಜನೆ ಇತ್ತು, ಹೋದೆವು. ದಮ್ಮಡಿ, ತಾಳ, ಅದೇ ಟ್ಯೂಬಿನ ತೇಪೆಯ ಪೇಟಿ. ಒಬ್ಬರು ಅಜ್ಜ ಬಾರಿಸುತ್ತಿದ್ದರು. ಅವರ ಮಗ್ಗುಲಲ್ಲಿ ಕೂತು ಪೇಟಿ ಹೊರುವ ನನ್ನ ಹುಡುಗ ತತ್ವಪದ ಎತ್ತಿಕೊಂಡ. ಒಂದು ಸ್ವರ ಆಚೀಚೆ ಆಗಲಿಲ್ಲ. ನಾನು ಅವನ ಮುಖ ನೋಡಲಾರದೆ ಅಜ್ಜನ ಬೆರಳು ನೋಡುತ್ತಾ ಕೂತೆ. ಬೆರಳು ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದದ್ದು ಬಿಳಿ ಎರಡರ ಮೇಲೆ, ಅಂದ್ರೆ ಎರಡನೇ ಬಿಳಿ ಮನೆ. ನನ್ನ ಕರಿ ನಾಲ್ಕರಿಂದ ಮೇಲಕ್ಕೆ ಕರಿ-ಬಿಳಿ ಎಲ್ಲಾ ಎಣಿಸಿದರೆ ಆರನೆಯದು. ಭಜನೆ ಮುಗಿದ ಮೇಲೆ ಕೇಳಿದೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಹುಡುಗರ ದನಿ ಮ್ಯಾಲ ಇರ್ತದ್ರೀ ಅಕ್ಕೋರ. ಪಟ್ಟಿ ಏರಿಸಬೇಕು" ಅಂದರು.

ಮುಂದಿನ ಶನಿವಾರ ಬಿಳಿ ಎರಡಕ್ಕೆ ಸಾ ಇಟ್ಟೆ. ಹಿಂದೆ ಕೂತವರಲ್ಲಿ ಬಹಳ ಮಂದಿ ಎರಡನೇ ಸಲಕ್ಕೇ ಹಚ್ಚಿದರು. ಕ್ಲಾಸು ಪೂರ್ತಿ ಹಾಡಿತು. ಅವನೊಬ್ಬ ತುಟಿ ಆಡಿಸುತ್ತಿದ್ದ. ಎಲ್ಲರೆದುರು, "ಅವತ್ತು ನಾನು ಹೇಳಿದ್ದು ತಪ್ಪು, ನೀನು ಹಾಡಪ್ಪಾ" ಅಂದೆ. "ಹೂಂರಿ ಟೀಚರ್" ಅಂದ. ಮತ್ತೆ ಬರೀ ತುಟಿ. ಇಂಟರ್ನ್‌ಶಿಪ್ ಮುಗಿಯುವವರೆಗೂ ಹಾಗೇ. ಪೇಟಿ ಹೊತ್ತು ತರೋದು ಮಾತ್ರ ಒಂದು ಶನಿವಾರವೂ ತಪ್ಪಿಸಲಿಲ್ಲ.

ಕರೋಕೆ ಯಾಕೆ ಬೇಡ ಅಂದ್ರೆ, ಅದೂ ಹಾಡಿದ ದೊಡ್ಡವರ ಪಟ್ಟಿಯಲ್ಲೇ ಇರುತ್ತೆ. ಏರಿಸಿಕೊಡೋ ಆ್ಯಪ್ ಇವೆ, ನಿಜ. ಆದರೆ ಮಗು ತಡವರಿಸಿದರೆ ಅದು ನಿಂತು ಕಾಯಲ್ಲ. ಪೇಟಿ ಸಿಗದಿದ್ದರೆ ಮೊಬೈಲಲ್ಲಿ ಶ್ರುತಿ ಹಿಡಿಯುವ ತಾನ್‌ಪುರ ಆ್ಯಪ್ ಹಾಕಿ 'ಡಿ'ಗೆ ಇಡಿ, ಅದೇ ಬಿಳಿ ಎರಡು. ಧೈವತ (ಸಾರಿಗಮಪಧನಿಯ ಧ) ದಾಟದ ಹಾಡು ಆರಿಸಿ. ನಿಮ್ಮ ದನಿ ಅಲ್ಲಿ ಸ್ವಲ್ಪ ಸೊರಗುತ್ತೆ, ಸೊರಗಲಿ. ಪರೀಕ್ಷೆ ಕೊಡ್ತಿರೋದು ನೀವಲ್ಲ. ನೀವು ಕಲಿತ ಹಾಡಿಗಿಂತ ಮೊದಲು ಅವರ ಮನೆಯ ಹಾಡು ಕೇಳಿ. ಬೀಸುವ ಪದ, ಚೌಡಿಕೆ ಪದ, ಮೊಹರಂ ರಿವಾಯತ್, ಏನು ಬಂದರೆ ಅದು. ಅವರು ಹಾಡುತ್ತಿರುವಾಗ ಪೇಟಿಯ ಮೇಲೆ ಅವರ ಸಾ ಹುಡುಕಿ. ದನಿ ಒಡೆಯುತ್ತಿರುವ ದೊಡ್ಡ ಹುಡುಗರಿದ್ದರೆ ಅವರನ್ನು ಎಳೆದಾಡಬೇಡಿ. ಡೆಸ್ಕಿನ ಮೇಲೆ ಎಂಟು ಮಾತ್ರೆಯ ಕೆಹರವಾ ತಾಳ ಹಿಡಿಯಲು ಹೇಳಿ, ಕೆಳಗಿನ ಪಟ್ಟಿಯಲ್ಲಿ ತಮಗೆ ಬಂದಷ್ಟು ಹಾಡಲಿ.

ನನ್ನ ಮಾತು ನಂಬಿಕೆ ಬರದಿದ್ದರೆ ನಾಳೆ ಬೆಳಿಗ್ಗೆ ಪ್ರಾರ್ಥನೆಯಲ್ಲೇ ನೋಡಿ. ರಾಷ್ಟ್ರಗೀತೆಯನ್ನು ಒಂದು ದಿನ ನೀವು ಎತ್ತಿಕೊಡಿ, ಮರುದಿನ ಐದನೇ ಕ್ಲಾಸಿನ ಹುಡುಗಿ ಒಬ್ಬಳು ಎತ್ತಿಕೊಡಲಿ. 52 ಸೆಕೆಂಡಿನಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಮೂರು ಶನಿವಾರ ಆಗಿದೆ ಅಂತ ಬರೆದಿದ್ದೀರಿ. ಇಂಟರ್ನ್‌ಶಿಪ್ ಇನ್ನೂ ಮುಗಿದಿಲ್ಲ, ಟೈಮ್ ಇದೆ. ಹಿಂದೆ ಕೂರಿಸೋ ಯೋಚನೆ ಮಕ್ಕಳ ಕಿವಿಗೆ ಬೀಳೋ ಮೊದಲೇ ಬಿಟ್ಟುಬಿಡಿ. ಯಾರಿಗಾದರೂ ಈಗಾಗಲೇ "ಸುಮ್ನಿರು" ಅಂದಿದ್ದರೆ, ಈ ಶನಿವಾರದವರೆಗೆ ಕಾಯಬೇಡಿ. ನಾಳೆನೇ ಅವರನ್ನು ಕರೆದು, "ಪಟ್ಟಿ ತಪ್ಪಿಟ್ಟಿದ್ದು ನಾನು" ಅಂತ ಹೇಳಿ.